ಎದೆಬಡಿತದ ಹುಟ್ಟು

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ಕನ್ನಡ ಬಲ್ಲವರಿಗೆ ಹೃದಯದ ಮಾತು ಹೊಸದೇನಲ್ಲ. ಧೈರ್ಯವುಳ್ಳವನನ್ನು ಗುಂಡಿಗೆಯಿರುವವನು ಎನ್ನುತ್ತೇವೆ. ಹೆದರಿದರೆ ಎದೆ ಝಲ್ಲೆನ್ನುತ್ತದೆ, ದುಃಖ ಬಂದರೆ ಎದೆ ಒಡೆಯುತ್ತದೆ, ಸಂತೋಷವಾದರೆ ಎದೆ ತುಂಬಿ ಬರುತ್ತದೆ. ಕವಿಗಳಂತೂ ಈ ಒಂದು ಅಂಗವನ್ನು ನೆಚ್ಚಿಕೊಂಡೇ ಅರ್ಧ ಕಾವ್ಯವನ್ನು ಬರೆದಿದ್ದಾರೆನ್ನಬಹುದು. ಆದರೆ ಇಷ್ಟೊಂದು ಹೊರೆಯನ್ನು ಹೊತ್ತಿರುವ ಆ ಅಂಗವು ನಿಜವಾಗಿ ಮಾಡುವ ಕೆಲಸವೇನು, ಆ ಕೆಲಸವನ್ನು ಅದು ಯಾರ ಅಪ್ಪಣೆಯಂತೆ ಮಾಡುತ್ತದೆ ಎಂಬ ಪ್ರಶ್ನೆಗಳನ್ನು ಕಲಾ ವಿಭಾಗದವರಾದ ನಾವು ವಿಜ್ಞಾನದ ತರಗತಿಯವರಿಗೆ ಬಿಟ್ಟುಕೊಟ್ಟು ನಿಶ್ಚಿಂತರಾಗಿದ್ದೇವೆ. ನಾನೂ ಹಾಗೆಯೇ ಇದ್ದೆ. ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯ ದೆಸೆಯಿಂದ ಈ ವಿಷಯವನ್ನು ಓದಬೇಕಾಯಿತು. ಆ ಸಂಗತಿಯನ್ನು ಅದರ ಸ್ಥಾನ ಬಂದಾಗ ಹೇಳುತ್ತೇನೆ.

ಹೃದಯವು ಎದೆಗೂಡಿನೊಳಗೆ, ಎರಡು ಶ್ವಾಸಕೋಶಗಳ ನಡುವೆ, ಕೊಂಚ ಎಡಕ್ಕೆ ವಾಲಿಕೊಂಡಿರುವ ಟೊಳ್ಳಾದ ಒಂದು ಸ್ನಾಯುಪಿಂಡ. ಅವರವರ ಮುಷ್ಟಿಯಷ್ಟು ಅವರವರ ಹೃದಯವೆನ್ನುವುದು ವಾಡಿಕೆಯ ಅಳತೆ. ತೂಕ ಸುಮಾರು ೩೦೦ ಗ್ರಾಂ. ಒಳಗೆ ನಾಲ್ಕು ಕೋಣೆಗಳಿವೆ. ಮೇಲಿನ ಎರಡಕ್ಕೆ ಹೃತ್ಕರ್ಣಗಳೆಂದೂ ಕೆಳಗಿನ ಎರಡಕ್ಕೆ ಹೃತ್ಕುಕ್ಷಿಗಳೆಂದೂ ಹೆಸರು. ಬಲಭಾಗಕ್ಕೂ ಎಡಭಾಗಕ್ಕೂ ನಡುವೆ ಗೋಡೆಯಿದ್ದು, ಒಂದರ ರಕ್ತ ಇನ್ನೊಂದಕ್ಕೆ ನೇರವಾಗಿ ಹೋಗುವಂತಿಲ್ಲ. ಆದುದರಿಂದ ಹೃದಯವನ್ನು ಒಂದು ಪಂಪು ಎನ್ನುವುದಕ್ಕಿಂತ ಒಂದೇ ಸೂರಿನಡಿಯಲ್ಲಿರುವ ಎರಡು ಪಂಪುಗಳು ಎನ್ನುವುದೇ ಸರಿ. ಮೈಯೆಲ್ಲ ಸುತ್ತಿ ಆಮ್ಲಜನಕವನ್ನು ಕಳೆದುಕೊಂಡು ಬಂದ ರಕ್ತವನ್ನು ಬಲಭಾಗವು ಪಕ್ಕದಲ್ಲಿಯೇ ಇರುವ ಶ್ವಾಸಕೋಶಗಳಿಗೆ ಕಳುಹಿಸುತ್ತದೆ. ಅಲ್ಲಿ ಆಮ್ಲಜನಕವನ್ನು ತುಂಬಿಕೊಂಡು ಮರಳಿದ ರಕ್ತವನ್ನು ಎಡಭಾಗವು ಮಹಾಪಧಮನಿಯ ಮೂಲಕ ತಲೆಯಿಂದ ಕಾಲುಬೆರಳಿನವರೆಗೆ ತಳ್ಳುತ್ತದೆ. ಬಲಗಡೆಯದು ನೆರೆಮನೆಯ ಕೆಲಸ, ಎಡಗಡೆಯದು ದೂರದ ಪಯಣ. ಆದ್ದರಿಂದಲೇ ಎಡ ಹೃತ್ಕುಕ್ಷಿಯ ಗೋಡೆಯು ಬಲದ್ದಕ್ಕಿಂತ ಸುಮಾರು ಮೂರು ಪಾಲು ದಪ್ಪ.

ಊರ ಬೀದಿಯ ಕೈಪಂಪನ್ನು ಬಿಚ್ಚಿ ದುರಸ್ತಿ ಮಾಡುವುದನ್ನು ನೋಡಿದವರಿಗೆ ಹೃದಯದ ಮಿಕ್ಕ ಗುಟ್ಟು ಅರ್ಧ ತಿಳಿದಂತೆಯೇ. ಮೇಲೆತ್ತಿದ ನೀರು ಮತ್ತೆ ಕೆಳಕ್ಕೆ ಜಾರದಂತೆ ತಡೆಯುವ ಮುಚ್ಚಳವೊಂದು ಅದರೊಳಗಿರುತ್ತದೆ. ಅದು ಕೆಟ್ಟರೆ ಎಷ್ಟು ಹೊತ್ತು ಹಿಡಿ ಒತ್ತಿದರೂ ಕೊಡ ತುಂಬುವುದಿಲ್ಲ. ಹೃದಯದಲ್ಲಿ ಇಂಥ ಮುಚ್ಚಳಗಳು ನಾಲ್ಕು. ಇವಕ್ಕೆ ಕವಾಟಗಳೆಂದು ಹೆಸರು. ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ನಡುವೆ ಬಲಕ್ಕೊಂದು ಎಡಕ್ಕೊಂದು; ಹೃತ್ಕುಕ್ಷಿಗಳಿಂದ ಹೊರಡುವ ಎರಡು ದೊಡ್ಡ ನಾಳಗಳ ಬಾಯಲ್ಲಿ ಒಂದೊಂದು. ಇವನ್ನು ತೆರೆಯಲೂ ಮುಚ್ಚಲೂ ಯಾವ ಕಾವಲುಗಾರನೂ ಬೇಕಿಲ್ಲ. ರಕ್ತದ ಒತ್ತಡವೇ ತಳ್ಳಿ ತೆರೆಯುತ್ತದೆ, ಒತ್ತಡವೇ ಹಿಂದಿನಿಂದ ದೂಡಿ ಮುಚ್ಚುತ್ತದೆ. ವೈದ್ಯರು ಎದೆಗೆ ಕೊಳವೆ ಇಟ್ಟು ಆಲಿಸುವ ಎರಡು ಸದ್ದುಗಳು ಈ ಕವಾಟಗಳು ಮುಚ್ಚಿಕೊಳ್ಳುವಾಗ ಆಗುವಂಥವು: ಮೊದಲನೆಯದು ಒಳಬಾಗಿಲುಗಳದು, ಎರಡನೆಯದು ಹೊರಬಾಗಿಲುಗಳದು. ಪ್ಯಾರಿಸಿನ ಲೆನೆಕ್ ಎಂಬ ವೈದ್ಯನು ೧೮೧೬ರಲ್ಲಿ ಕಾಗದವನ್ನು ಸುರುಳಿ ಸುತ್ತಿ ಒಬ್ಬ ರೋಗಿಯ ಎದೆಗಿಟ್ಟು ಆಲಿಸಿದ್ದೇ ಇಂದಿನ ಸ್ಟೆತಾಸ್ಕೋಪಿನ ಹುಟ್ಟು.

ಒಂದು ಬಡಿತಕ್ಕೆ ಹಿಡಿಯುವ ಕಾಲ ಸುಮಾರು ೦.೮ ಸೆಕೆಂಡು. ಅದರಲ್ಲಿ ಹೃತ್ಕುಕ್ಷಿಗಳು ಕುಗ್ಗಿ ರಕ್ತವನ್ನು ಹೊರದೂಡುವುದು ೦.೩ ಸೆಕೆಂಡು ಮಾತ್ರ, ಉಳಿದ ೦.೫ ಸೆಕೆಂಡು ಸಡಿಲಗೊಂಡು ತುಂಬಿಕೊಳ್ಳುವ ಕಾಲ. ಹೃದಯವು ಹಗಲಿರುಳು ಬಿಡುವಿಲ್ಲದೆ ದುಡಿಯುತ್ತದೆಂದು ನಾವು ಹೊಗಳುವುದುಂಟು. ಲೆಕ್ಕ ಹಾಕಿದರೆ ಹೃತ್ಕುಕ್ಷಿಗಳು ದಿನಕ್ಕೆ ಒಂಬತ್ತು ಗಂಟೆ ದುಡಿದು ಹದಿನೈದು ಗಂಟೆ ಬಿಡುವು ಪಡೆಯುತ್ತವೆ! ಆದರೆ ಈ ಬಿಡುವು ಸೋಮಾರಿತನದ್ದಲ್ಲ. ಹೃದಯದ ಸ್ನಾಯುವಿಗೂ ರಕ್ತ ಬೇಕಷ್ಟೆ. ಮಹಾಪಧಮನಿಯ ಬುಡದಲ್ಲಿ ಕವಲೊಡೆದು ಹೃದಯದ ಮೈಮೇಲೆ ಹಬ್ಬಿರುವ ಸಣ್ಣ ನಾಳಗಳು ಅದನ್ನು ಒದಗಿಸುತ್ತವೆ. ಎಡ ಹೃತ್ಕುಕ್ಷಿಯು ಬಿಗಿದಾಗ ಈ ನಾಳಗಳೂ ಹಿಸುಕಿಹೋಗುವುದರಿಂದ, ಅದಕ್ಕೆ ಊಟ ಸಿಗುವುದು ಹೆಚ್ಚಾಗಿ ಬಿಡುವಿನ ವೇಳೆಯಲ್ಲಿಯೇ. ಬಡಿತ ಮಿತಿಮೀರಿ ಏರಿದಾಗ ಮೊದಲು ಮೊಟಕಾಗುವುದು ಈ ಬಿಡುವು. ಅತಿ ವೇಗದ ಬಡಿತವು ಅಪಾಯಕರವೆನ್ನುವುದಕ್ಕೆ ಇದೊಂದು ಕಾರಣ.

ಇನ್ನು ಪ್ರಮಾಣದ ಮಾತು. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಒಂದು ಬಡಿತಕ್ಕೆ ಸುಮಾರು ೭೦ ಮಿಲಿಲೀಟರ್ ರಕ್ತ ಹೊರಬೀಳುತ್ತದೆ. ನಿಮಿಷಕ್ಕೆ ೭೨ ಬಡಿತವೆಂದರೆ ಐದು ಲೀಟರಿಗೆ ಒಂದಿಷ್ಟು ಹೆಚ್ಚೇ ಆಯಿತು. ದಿನಕ್ಕೆ ಬಡಿತಗಳು ಒಂದು ಲಕ್ಷ ಮೀರುತ್ತವೆ, ರಕ್ತ ಸುಮಾರು ೭,೨೦೦ ಲೀಟರು. ನೀರು ಹೊರುವ ೧೫ ಲೀಟರಿನ ಕೊಡದಲ್ಲಿ ಅಳೆದರೆ ೪೮೦ ಕೊಡ. ಮೈಯಲ್ಲಿರುವ ರಕ್ತವಾದರೋ ಒಟ್ಟು ಐದು ಲೀಟರಿನ ಆಸುಪಾಸು.

ಈ ಸರಳ ಗುಣಾಕಾರದಿಂದಲೇ ಸಾವಿರದ ನಾನೂರು ವರ್ಷಗಳ ಒಂದು ಸಿದ್ಧಾಂತ ಬಿದ್ದುಹೋಯಿತೆಂಬುದು ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ. ಎರಡನೆಯ ಶತಮಾನದ ಗೇಲನ್ ಎಂಬ ವೈದ್ಯನು, ತಿಂದ ಅನ್ನದಿಂದ ಯಕೃತ್ತಿನಲ್ಲಿ ರಕ್ತ ತಯಾರಾಗಿ ಅಂಗಾಂಗಗಳಿಗೆ ಹರಿದು ಅಲ್ಲಿಯೇ ಖರ್ಚಾಗುತ್ತದೆಂದೂ, ಹೃದಯದ ನಡುಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆಯೆಂದೂ ಬರೆದಿದ್ದನು. ಅಂಥ ರಂಧ್ರಗಳಿಲ್ಲ, ರಕ್ತವು ಶ್ವಾಸಕೋಶಗಳ ಮೂಲಕವೇ ಬಲದಿಂದ ಎಡಕ್ಕೆ ಹೋಗಬೇಕು ಎಂದು ಹದಿಮೂರನೆಯ ಶತಮಾನದಲ್ಲಿ ಅರಬ್ ವೈದ್ಯ ಇಬ್ನ್ ಅಲ್-ನಫೀಸನು ಹೇಳಿದ್ದನಾದರೂ ಯುರೋಪಿನಲ್ಲಿ ಗೇಲನನ ಮಾತೇ ವೇದವಾಗಿತ್ತು. ಇಂಗ್ಲೆಂಡಿನ ವಿಲಿಯಂ ಹಾರ್ವೆಯು ೧೬೨೮ರಲ್ಲಿ ಪ್ರಕಟಿಸಿದ ಪುಟ್ಟ ಲ್ಯಾಟಿನ್ ಗ್ರಂಥದಲ್ಲಿ ಕೇಳಿದ್ದು ಇಷ್ಟೆ: ಒಂದು ಬಡಿತಕ್ಕೆ ಅತ್ಯಲ್ಪ ರಕ್ತ ಹೊರಬೀಳುವುದೆಂದು ಇಟ್ಟುಕೊಂಡರೂ ಅರ್ಧ ಗಂಟೆಯಲ್ಲಿ ಅದು ಮೈಯ ಒಟ್ಟು ರಕ್ತವನ್ನು ಮೀರುತ್ತದೆ, ಅಷ್ಟನ್ನು ಹೊಸದಾಗಿ ತಯಾರಿಸಲು ಯಾವ ಊಟ ಸಾಕಾದೀತು? ಹೋದ ರಕ್ತವೇ ಸುತ್ತಿಕೊಂಡು ಮರಳಿ ಬರುತ್ತಿರಬೇಕು. ತೋಳಿಗೆ ಪಟ್ಟಿ ಬಿಗಿದು, ಉಬ್ಬಿದ ಅಭಿಧಮನಿಯನ್ನು ಬೆರಳಿನಿಂದ ಒರೆಸಿ, ರಕ್ತವು ಹೃದಯದ ಕಡೆಗೆ ಮಾತ್ರ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲವೆಂದು ಅವನು ತೋರಿಸಿಕೊಟ್ಟನು. ಹೋಗುವ ನಾಳಕ್ಕೂ ಬರುವ ನಾಳಕ್ಕೂ ಕೊಂಡಿಯೆಲ್ಲಿ ಎಂಬುದು ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ. ಅವನು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, ೧೬೬೧ರಲ್ಲಿ, ಇಟಲಿಯ ಮಾಲ್ಪೀಗಿಯು ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶವನ್ನು ನೋಡುತ್ತ ಕೂದಲಿಗಿಂತಲೂ ಸಣ್ಣನೆಯ ಲೋಮನಾಳಗಳನ್ನು ಕಂಡನು.

ಪಂಪಿನ ಕಥೆ ಇಲ್ಲಿಗೆ ಸಾಕು. ಪಂಪನ್ನು ನಡೆಸುವವರು ಯಾರು? ಕೈಪಂಪಿಗೆ ಕೈ ಬೇಕು, ಮೋಟರಿಗೆ ಕರೆಂಟು ಬೇಕು. ಹೃದಯಕ್ಕೆ? ಕೈಕಾಲುಗಳಂತೆ ಅದೂ ಮೆದುಳಿನ ಆಜ್ಞೆಯಂತೆ ಆಡುತ್ತದೆಂದು ಊಹಿಸುವುದು ಸಹಜ. ಆದರೆ ಕಪ್ಪೆಯ ಹೃದಯವನ್ನು ಮೈಯಿಂದ ಬೇರ್ಪಡಿಸಿ ತಕ್ಕ ಉಪ್ಪುನೀರಿನಲ್ಲಿಟ್ಟರೆ, ಯಾವ ನರದ ಸಂಪರ್ಕವೂ ಇಲ್ಲದೆ ಅದು ಬಹಳ ಹೊತ್ತು ಮಿಡಿಯುತ್ತಲೇ ಇರುತ್ತದೆ. ಆಜ್ಞೆ ಹೊರಗಿನದಲ್ಲ, ಒಳಗಿನದೇ. ಒಳಗೆ ಎಲ್ಲಿ ಎಂಬುದನ್ನು ಹುಡುಕಲು ವಿಜ್ಞಾನಿಗಳಿಗೆ ಎಪ್ಪತ್ತು ವರ್ಷ ಹಿಡಿಯಿತು, ಅದೂ ತುದಿಯಿಂದ ಬುಡಕ್ಕೆ. ೧೮೩೯ರಲ್ಲಿ ಪರ್ಕಿಂಜೆ ಎಂಬುವನು ಹೃತ್ಕುಕ್ಷಿಯ ಒಳಮೈಯಲ್ಲಿ ವಿಚಿತ್ರವಾದ ಎಳೆಗಳನ್ನು ಕಂಡನು. ೧೮೯೩ರಲ್ಲಿ ಹಿಸ್ ಎಂಬುವನು ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ಇಳಿಯುವ ಎಳೆಗಳ ಕಂತೆಯೊಂದನ್ನು ಗುರುತಿಸಿದನು. ೧೯೦೬ರಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಜಪಾನಿನ ಸುನಾವೊ ತವಾರನು ಆ ಕಂತೆಯ ಮೂಲದಲ್ಲಿರುವ ಗಂಟನ್ನು ತೋರಿಸಿ, ಇವೆಲ್ಲವೂ ಒಂದೇ ದಾರಿಯ ಭಾಗಗಳೆಂದನು.

ದಾರಿಯ ಮೊದಲ ಮನೆ ಸಿಕ್ಕಿದ್ದು ಅದೇ ವರ್ಷದ ಬೇಸಿಗೆಯಲ್ಲಿ, ಇಂಗ್ಲೆಂಡಿನ ಕೆಂಟ್ ಪ್ರಾಂತದ ಒಂದು ಹಳ್ಳಿಮನೆಯಲ್ಲಿ. ಅಂಗರಚನಾ ಶಾಸ್ತ್ರಜ್ಞ ಆರ್ಥರ್ ಕೀತನು ಹೆಂಡತಿಯೊಡನೆ ಸೈಕಲ್ ಸವಾರಿಗೆ ಹೋಗಿದ್ದನು. ಅವನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಮಾರ್ಟಿನ್ ಫ್ಲ್ಯಾಕ್ ಎಂಬ ವೈದ್ಯ ವಿದ್ಯಾರ್ಥಿಯು ಮನೆಯಲ್ಲಿ ಕುಳಿತು, ನೆಲದಲ್ಲಿ ಬಿಲ ತೋಡುವ ಮೋಲ್ ಎಂಬ ಪುಟ್ಟ ಪ್ರಾಣಿಯ ಹೃದಯದ ತೆಳು ಸೀಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದನು. ಮೇಲಿನ ಮಹಾ ಅಭಿಧಮನಿಯು ಬಲ ಹೃತ್ಕರ್ಣವನ್ನು ಸೇರುವೆಡೆಯಲ್ಲಿ ಸುತ್ತಲಿನ ಸ್ನಾಯುವನ್ನು ಹೋಲದ ಸಣ್ಣ ಗಂಟೊಂದು ಅವನಿಗೆ ಕಾಣಿಸಿತು. ದಂಪತಿಗಳು ಮರಳಿ ಬರುತ್ತಲೇ ಅವನು ಅದನ್ನು ಸಂಭ್ರಮದಿಂದ ತೋರಿಸಿದನು. ೧೯೦೭ರಲ್ಲಿ ಗುರುಶಿಷ್ಯರಿಬ್ಬರ ಹೆಸರಿನಲ್ಲಿ ಲೇಖನ ಪ್ರಕಟವಾಯಿತು. ಪರೀಕ್ಷೆಗೆಂದು ಮಾತ್ರವೇ ಪುಸ್ತಕ ಬಿಡಿಸುವ ನಮ್ಮಂಥವರಿಗೆ ಈ ಫ್ಲ್ಯಾಕನ ನೆನಪು ಒಳ್ಳೆಯದು.

ಮನುಷ್ಯನಲ್ಲಿ ಒಂದೂವರೆ ಸೆಂಟಿಮೀಟರಿನಷ್ಟು ಉದ್ದವಿರುವ ಈ ಗಂಟೇ ಎದೆಬಡಿತದ ಹುಟ್ಟುಮನೆ. ಅದರ ಕೆಲಸವನ್ನು ತಿಳಿಯಲು ಹಿಂದಿನವರ ಗಳಿಗೆ ಬಟ್ಟಲನ್ನು ನೆನೆಯಬಹುದು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ, ನೀರು ಮೆಲ್ಲಮೆಲ್ಲನೆ ಒಳಗೆ ಜಿನುಗಿ, ಒಂದು ಮಟ್ಟಕ್ಕೆ ಬಂದೊಡನೆ ಬಟ್ಟಲು ಮುಳುಗುತ್ತದೆ. ಮತ್ತೆ ಬರಿದುಮಾಡಿ ತೇಲಿಬಿಡುತ್ತಾರೆ. ಗಂಟಿನ ಜೀವಕೋಶಗಳಲ್ಲಿಯೂ ಹೀಗೆಯೇ. ಹೊರಗಿನ ವಿದ್ಯುದಂಶವುಳ್ಳ ಸೋಡಿಯಂ ಕಣಗಳು ಸದಾ ಒಳಕ್ಕೆ ಜಿನುಗುತ್ತಿರುತ್ತವೆ. ಒಂದು ಮಟ್ಟ ಮುಟ್ಟಿದೊಡನೆ ಕ್ಯಾಲ್ಸಿಯಂ ಕಣಗಳು ನುಗ್ಗಿ ವಿದ್ಯುತ್ತಿನ ಒಂದು ಮಿಡಿತ ಹುಟ್ಟುತ್ತದೆ. ಬಳಿಕ ಪೊಟ್ಯಾಸಿಯಂ ಕಣಗಳು ಹೊರಹೋಗಿ ಜೀವಕೋಶವು ಮೊದಲ ಸ್ಥಿತಿಗೆ ಮರಳುತ್ತದೆ, ಜಿನುಗು ಮತ್ತೆ ಮೊದಲಾಗುತ್ತದೆ. ಬಟ್ಟಲನ್ನು ಬರಿದುಮಾಡಲು ಇಲ್ಲಿ ಯಾರೂ ಕುಳಿತಿಲ್ಲ, ಅಷ್ಟೇ ವ್ಯತ್ಯಾಸ.

ಹುಟ್ಟಿದ ಮಿಡಿತವು ಹೃತ್ಕರ್ಣಗಳಲ್ಲಿ ಹರಡಿ ಅವನ್ನು ಕುಗ್ಗಿಸುತ್ತದೆ. ಆದರೆ ಮೇಲಿನ ಕೋಣೆಗಳಿಗೂ ಕೆಳಗಿನವಕ್ಕೂ ನಡುವೆ ವಿದ್ಯುತ್ತನ್ನು ಹಾಯಗೊಡದ ನಾರಿನ ಪದರವಿದೆ. ದಾಟಲು ಇರುವುದು ತವಾರನ ಗಂಟು ಎಂಬ ಒಂದೇ ಗೇಟು. ಅಲ್ಲಿ ಮಿಡಿತವು ಸುಮಾರು ೦.೧ ಸೆಕೆಂಡು ತಡೆದು ನಿಲ್ಲುತ್ತದೆ. ಮೇಲಿನ ಕೋಣೆಗಳು ತಮ್ಮಲ್ಲಿದ್ದುದನ್ನು ಪೂರ್ತಿಯಾಗಿ ಕೆಳಕ್ಕೆ ಸುರಿಯಲು ಈ ವಿಳಂಬ ಬೇಕೇ ಬೇಕು. ಆಮೇಲೆ ಹಿಸ್ಸನ ಕಂತೆಯಲ್ಲಿ ಇಳಿದು, ಪರ್ಕಿಂಜೆಯ ಎಳೆಗಳಲ್ಲಿ ರಭಸದಿಂದ ಹಬ್ಬಿ, ಎರಡು ಹೃತ್ಕುಕ್ಷಿಗಳನ್ನೂ ಹೆಚ್ಚುಕಡಿಮೆ ಒಟ್ಟಿಗೆ ಕುಗ್ಗಿಸುತ್ತದೆ. ಹೃತ್ಕುಕ್ಷಿಯು ಒದ್ದೆ ಬಟ್ಟೆಯನ್ನು ಹಿಂಡಿದಂತೆ ಕೊಂಚ ತಿರುಚಿಕೊಂಡು ರಕ್ತವನ್ನು ಮೇಲಕ್ಕೆ ದೂಡುತ್ತದೆ. ಈ ವಿದ್ಯುತ್ ಪಯಣವನ್ನು ಮೈಯ ಹೊರಗಿನಿಂದಲೇ ಚೆನ್ನಾಗಿ ದಾಖಲಿಸುವ ಯಂತ್ರವನ್ನು ಹಾಲೆಂಡಿನ ಐಂತೋವನ್ ರೂಪಿಸಿದನು. ೧೯೨೪ರ ನೊಬೆಲ್ ಬಹುಮಾನ ಅವನಿಗೆ ಬಂದುದು ಅದಕ್ಕಾಗಿಯೇ. ಇಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ತೆಗೆಯುವ ಇ.ಸಿ.ಜಿ. ಅದರದೇ ಸಂತಾನ.

ಹಾಗಾದರೆ ಮೆದುಳಿಗೆ ಇಲ್ಲಿ ಕೆಲಸವೇ ಇಲ್ಲವೇ? ಇದೆ, ಆದರೆ ಅದು ತಾಳ ಹಾಕುವವನ ಕೆಲಸವಲ್ಲ, ಕಾಲವನ್ನು ಏರಿಸಿ ಇಳಿಸುವವನ ಕೆಲಸ. ಗಂಟನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು ೧೦೦ ಬಾರಿ ಮಿಡಿಯುತ್ತದೆ. ವೇಗಸ್ ಎಂಬ ನರವು ಬಟ್ಟಲಿನ ತೂತನ್ನು ಕಿರಿದುಮಾಡಿದಂತೆ ಜಿನುಗನ್ನು ನಿಧಾನಿಸಿ, ೭೦ರ ಸುಮಾರಿಗೆ ಇಳಿಸುತ್ತದೆ. ಸಿಂಪಥೆಟಿಕ್ ಎಂಬ ಇನ್ನೊಂದು ಗುಂಪಿನ ನರಗಳು ತೂತನ್ನು ಹಿಗ್ಗಿಸಿದಂತೆ ಚುರುಕುಗೊಳಿಸುತ್ತವೆ. ಪರೀಕ್ಷೆಯ ಫಲಿತಾಂಶದ ಹಲಗೆಯ ಮುಂದೆ ನಿಂತಾಗ ನಮ್ಮ ಎದೆ ಡವಡವ ಹೊಡೆದುಕೊಳ್ಳುವುದು ಮೊದಲನೆಯದು ಕೈ ಸಡಿಲಿಸಿ ಎರಡನೆಯದು ಕೈ ಹಾಕಿದುದರಿಂದ. ಬೇರೆಯವರ ಹೃದಯವನ್ನು ಕಸಿ ಮಾಡುವಾಗ ಈ ನರಗಳೆಲ್ಲ ಕಡಿದುಹೋಗುತ್ತವೆ. ಆದರೂ ಕಸಿಯಾದ ಹೃದಯ ಬಡಿಯುತ್ತದೆ, ವಿಶ್ರಾಂತಿಯಲ್ಲಿಯೂ ನೂರರ ಸಮೀಪದಲ್ಲಿ ಬಡಿಯುತ್ತದೆ. ಮೇಲಿನ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನರವು ಹೃದಯಕ್ಕೆ ಮಾತು ಮುಟ್ಟಿಸುವ ಬಗೆಯನ್ನು ಆಸ್ಟ್ರಿಯದ ಆಟ್ಟೊ ಲೋವಿ ಕಂಡುಕೊಂಡ ಕಥೆ ಸ್ವಾರಸ್ಯವಾಗಿದೆ. ಪ್ರಯೋಗದ ವಿಧಾನವು ಅವನಿಗೆ ಕನಸಿನಲ್ಲಿ ಹೊಳೆಯಿತಂತೆ. ನಿದ್ದೆಗಣ್ಣಿನಲ್ಲಿ ಚೀಟಿಯ ಮೇಲೆ ಗೀಚಿ ಮಲಗಿದನು. ಬೆಳಗ್ಗೆ ತನ್ನ ಬರಹವನ್ನು ತಾನೇ ಓದಲಾರದೆ ಹೋದನು. ಮರುರಾತ್ರಿ ಅದೇ ಯೋಚನೆ ಮತ್ತೆ ಬಂದಾಗ ಎದ್ದು ನೇರವಾಗಿ ಪ್ರಯೋಗಶಾಲೆಗೆ ನಡೆದನು. ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಕೆಣಕಿ ಬಡಿತವನ್ನು ನಿಧಾನಗೊಳಿಸಿ, ಅದರಲ್ಲಿದ್ದ ದ್ರವವನ್ನು ನರವಿಲ್ಲದ ಇನ್ನೊಂದು ಹೃದಯಕ್ಕೆ ಹಾಕಿದನು. ಅದೂ ನಿಧಾನವಾಯಿತು! ನರದ ತುದಿಯಿಂದ ಒಂದು ರಾಸಾಯನಿಕ ವಸ್ತು ಹೊರಬರುತ್ತದೆಂದು ಹೀಗೆ ೧೯೨೧ರಲ್ಲಿ ಗೊತ್ತಾಯಿತು. ೧೯೩೬ರ ನೊಬೆಲ್ ಬಹುಮಾನದಲ್ಲಿ ಅವನಿಗೆ ಪಾಲು ದೊರೆಯಿತು.

ಈಗ ಮನೆಯ ಸಂಗತಿ. ನಮ್ಮ ಅಜ್ಜಿಗೆ ಹೋದ ವರ್ಷ ಪದೇ ಪದೇ ತಲೆಸುತ್ತು ಬರತೊಡಗಿತು. ಒಮ್ಮೆ ಹಿತ್ತಿಲಿನಲ್ಲಿ ಕುಸಿದು ಬಿದ್ದರು. ಪಿತ್ತವೆಂದರು, ನಿಶ್ಶಕ್ತಿಯೆಂದರು. ಪಟ್ಟಣದ ಆಸ್ಪತ್ರೆಯಲ್ಲಿ ನಾಡಿ ಎಣಿಸಿದಾಗ ನಿಮಿಷಕ್ಕೆ ಮೂವತ್ತನಾಲ್ಕು. ಇ.ಸಿ.ಜಿ. ನೋಡಿದ ವೈದ್ಯರು ‘ಕಂಪ್ಲೀಟ್ ಹಾರ್ಟ್ ಬ್ಲಾಕ್’ ಎಂದು ಚೀಟಿಯಲ್ಲಿ ಬರೆದು, ದೊಡ್ಡ ಆಸ್ಪತ್ರೆಗೆ ಹೋಗಿರೆಂದು ಅವಸರದಲ್ಲಿ ಹೇಳಿ ಕಳುಹಿಸಿದರು. ಮನೆಯವರ ಕಿವಿಗೆ ಬಿದ್ದದ್ದು ‘ಬ್ಲಾಕ್’ ಎಂಬ ಒಂದೇ ಮಾತು. ಪಕ್ಕದ ಮನೆಯವರಿಗೆ ಹೃದಯದ ನಾಳದಲ್ಲಿ ಕೊಬ್ಬು ಕಟ್ಟಿ ಬ್ಲಾಕ್ ಆಗಿದ್ದುದು ಎಲ್ಲರಿಗೂ ಗೊತ್ತಿತ್ತು. ಕೂಡಲೇ ಅಜ್ಜಿಯ ತಟ್ಟೆಯಿಂದ ತುಪ್ಪ ಹೋಯಿತು, ಕಡಲೆಕಾಯಿ ಹೋಯಿತು. ಬೆಳ್ಳುಳ್ಳಿಯ ಕಷಾಯ ಬಂತು. “ಕಷಾಯಕ್ಕೆ ಎಂಥ ಬ್ಲಾಕೂ ಕರಗ್ತದೆ, ಒಂದು ತಿಂಗಳು ನೋಡಾಣ” ಎಂದರು ದೊಡ್ಡಪ್ಪ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಬಿ.ಎಸ್ಸಿ. ಓದುವ ಗೆಳತಿಯ ಪುಸ್ತಕ ತಂದು ರಾತ್ರಿಯೆಲ್ಲ ಓದಿದೆ. ಮೇಲೆ ಹೇಳಿದ ಗೇಟಿನಲ್ಲಿ ದಾರಿ ಪೂರ್ತಿ ಕಡಿದುಹೋಗುವುದೇ ಈ ಬ್ಲಾಕ್. ಮೇಲಿನ ಗಂಟು ಎಂದಿನಂತೆ ೭೦, ೮೦ ಎಂದು ಮಿಡಿಯುತ್ತಲೇ ಇರುತ್ತದೆ, ಆದರೆ ಒಂದು ಮಿಡಿತವೂ ಕೆಳಕ್ಕೆ ಇಳಿಯುವುದಿಲ್ಲ. ಆಗ ಕೆಳಗಿನ ಎಳೆಗಳು ತಮ್ಮಷ್ಟಕ್ಕೆ ತಾವೇ ೩೦, ೪೦ರ ಮಂದ ಗತಿಯಲ್ಲಿ ಮಿಡಿದು ಜೀವ ಹಿಡಿದಿಡುತ್ತವೆ. ಆ ಆಪತ್ಕಾಲದ ಮಿಡಿತವೂ ಕೆಲವು ಕ್ಷಣ ನಿಂತರೆ ಮೆದುಳಿಗೆ ರಕ್ತ ತಪ್ಪಿ ಮನುಷ್ಯ ಕುಸಿಯುತ್ತಾನೆ. ಮತ್ತೆ ಬಾರದಿದ್ದರೆ ಅಷ್ಟೇ.

ದೊಡ್ಡಪ್ಪನಿಗೆ ಹೇಳಿದೆ: “ಪೈಪು ಕಟ್ಟಿಕೊಂಡದ್ದಲ್ಲ ದೊಡ್ಡಪ್ಪ, ಮೋಟರಿಗೆ ಹೋಗೋ ಕರೆಂಟಿನ ವೈರು ತುಂಡಾಗಿದೆ. ಪೈಪಿಗೆ ಔಷಧಿ ಹಾಕಿದರೆ ಮೋಟರು ಓಡ್ತದಾ?” ಬೋರ್‌ವೆಲ್ ಮೋಟರಿನೊಡನೆ ಆಯುಷ್ಯ ಕಳೆದವರು ಅವರು. ಒಂದು ಗಳಿಗೆ ಸುಮ್ಮನಿದ್ದು, “ಹಂಗಂತ ಅವರು ಹೇಳಬಾರದಿತ್ತಾ?” ಎಂದು ಎದ್ದು ಕಾರಿಗೆ ಹೇಳಲು ಹೊರಟರು. ಮರುದಿನವೇ ಅಜ್ಜಿಗೆ ಪೇಸ್‌ಮೇಕರ್ ಹಾಕಿದರು. ಹೇಳಬಾರದಿತ್ತೇ ಎಂಬ ಅವರ ಪ್ರಶ್ನೆ ಈಗಲೂ ನನ್ನಲ್ಲಿ ಉಳಿದಿದೆ. ರಕ್ತನಾಳ ಕಟ್ಟುವುದಕ್ಕೂ ವಿದ್ಯುತ್ ದಾರಿ ಕಡಿಯುವುದಕ್ಕೂ ಕನ್ನಡದಲ್ಲಿ ಬೇರೆ ಬೇರೆ ಮಾತು ಬಳಸಿದರೆ ಯಾರ ಗಂಟೂ ಹೋಗುವುದಿಲ್ಲ. ‘ನಾಳ ಕಟ್ಟಿದೆ’, ‘ದಾರಿ ಕಡಿದಿದೆ’ ಎಂದರೆ ಅಕ್ಷರ ಬಾರದವರಿಗೂ ಅರ್ಥವಾಗುತ್ತದೆ. ಭಾಷೆಯನ್ನು ಓದುವ ನಾವು ಮಾಡಬೇಕಾದ ಕೆಲಸ ಇಲ್ಲಿಯೂ ಇದೆಯೆಂದು ನನಗೆ ತೋರುತ್ತದೆ.

ಪೇಸ್‌ಮೇಕರ್ ಎಂದರೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ, ತೆಳ್ಳನೆಯ ಲೋಹದ ಡಬ್ಬಿ. ಕೊರಳೆಲುಬಿನ ಕೆಳಗೆ ಚರ್ಮದಡಿಯಲ್ಲಿ ಅದನ್ನಿಟ್ಟು, ಅಭಿಧಮನಿಯ ಒಳಗಿನಿಂದ ಸಣ್ಣ ತಂತಿಯನ್ನು ಹೃದಯದವರೆಗೆ ಇಳಿಸುತ್ತಾರೆ. ಹೃದಯ ತಾನಾಗಿ ಬಡಿದರೆ ಅದು ಸುಮ್ಮನಿರುತ್ತದೆ. ತಡವಾದರೆ ತಾನೇ ಮಿಡಿತ ಕೊಡುತ್ತದೆ. ಇಂಥದನ್ನು ಮೊದಲ ಬಾರಿಗೆ ಮನುಷ್ಯನ ಮೈಯೊಳಗಿಟ್ಟದ್ದು ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ, ೧೯೫೮ರ ಅಕ್ಟೋಬರ್ ೮ರಂದು. ಎಂಜಿನಿಯರ್ ಎಲ್ಮ್‌ಕ್ವಿಸ್ಟ್ ಅದನ್ನು ತಯಾರಿಸಿದನು, ಸೆನ್ನಿಂಗ್ ಎಂಬ ಶಸ್ತ್ರವೈದ್ಯನು ಅಳವಡಿಸಿದನು. ರೋಗಿಯಾದ ಆರ್ನೆ ಲಾರ್ಸನ್ ದಿನಕ್ಕೆ ಹಲವು ಬಾರಿ ಮೂರ್ಛೆ ಹೋಗುತ್ತಿದ್ದನು. ಪಟ್ಟು ಹಿಡಿದು ಇಬ್ಬರನ್ನೂ ಒಪ್ಪಿಸಿದವಳು ಅವನ ಹೆಂಡತಿ. ಮೊದಲ ಯಂತ್ರವು ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಆದರೂ ಲಾರ್ಸನ್ ಒಂದಾದ ಮೇಲೊಂದರಂತೆ ಇಪ್ಪತ್ತಾರು ಯಂತ್ರಗಳನ್ನು ಬದಲಾಯಿಸಿಕೊಂಡು, ಎಂಜಿನಿಯರನೂ ಶಸ್ತ್ರವೈದ್ಯನೂ ತೀರಿಕೊಂಡ ಮೇಲೆ, ೨೦೦೧ರಲ್ಲಿ ತನ್ನ ೮೬ನೆಯ ವಯಸ್ಸಿನಲ್ಲಿ ಬೇರೆ ಕಾಯಿಲೆಯಿಂದ ಮಡಿದನು. “ಈ ಮಿಷನ್ನು ಇದ್ರೆ ನನಗೆ ಸಾವೇ ಬರಾಕಿಲ್ವೇನೇ ಮಗಾ?” ಎಂದು ನಮ್ಮ ಅಜ್ಜಿ ಕೇಳಿದ್ದುಂಟು. ಕೇಳತಕ್ಕ ಪ್ರಶ್ನೆಯೇ. ಯಂತ್ರವು ಕರೆಯಬಲ್ಲುದು, ಓಗೊಡಬೇಕಾದುದು ಸ್ನಾಯು. ಸ್ನಾಯು ಸೋತಾಗ ಎಷ್ಟು ಕರೆದರೂ ಉತ್ತರ ಬಾರದು.

ಕೊನೆಯದಾಗಿ, ಜನ ಒಂದೇ ಎಂದುಕೊಳ್ಳುವ ಇನ್ನೊಂದು ಜೋಡಿಯಿದೆ: ಹೃದಯಾಘಾತ ಮತ್ತು ಹೃದಯಸ್ತಂಭನ. ಹೃದಯದ ನಾಳ ಕಟ್ಟಿ ಸ್ನಾಯುವಿನ ಒಂದು ಭಾಗಕ್ಕೆ ರಕ್ತ ತಪ್ಪುವುದು ಆಘಾತ. ಆಗ ಎದೆನೋವು, ಬೆವರು ಇದ್ದರೂ ಸಾಮಾನ್ಯವಾಗಿ ಹೃದಯ ಬಡಿಯುತ್ತಿರುತ್ತದೆ, ರೋಗಿ ಮಾತಾಡುತ್ತಾನೆ, ಆಸ್ಪತ್ರೆಗೆ ಸಾಗಿಸಲು ಸಮಯವಿರುತ್ತದೆ. ಸ್ತಂಭನವೆಂದರೆ ಪಂಪೇ ನಿಂತಂತೆ. ಹಲವು ವೇಳೆ ಹೃತ್ಕುಕ್ಷಿಯ ಎಳೆಗಳು ತಾಳ ತಪ್ಪಿ ಸಂತೆಯ ಗದ್ದಲದಂತೆ ಒಂದೊಂದೂ ಒಂದೊಂದು ಕಡೆ ಅದುರುತ್ತಿರುತ್ತವೆ. ಒಂದು ತೊಟ್ಟು ರಕ್ತವೂ ಹೊರಬೀಳುವುದಿಲ್ಲ. ಮನುಷ್ಯ ಕೂಡಲೇ ಎಚ್ಚರ ತಪ್ಪುತ್ತಾನೆ. ಕೆಲವೇ ನಿಮಿಷಗಳಲ್ಲಿ ಮೆದುಳು ಸಾಯತೊಡಗುತ್ತದೆ. ಮೊದಲನೆಯದು ಎರಡನೆಯದಕ್ಕೆ ತಿರುಗಬಹುದಾದ್ದರಿಂದಲೇ ಎದೆನೋವನ್ನು ಗ್ಯಾಸೆಂದು ಮನೆಯಲ್ಲಿ ಮಲಗಿಸಿಕೊಳ್ಳಬಾರದು.

ನಿಂತ ಪಂಪನ್ನು ಹೊರಗಿನಿಂದ ಕೈಯಲ್ಲಿ ನಡೆಸಬಹುದೆಂಬುದು ಗೊತ್ತಾದದ್ದು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ. ನಿಕರ್‌ಬಾಕರ್ ಎಂಬ ವಿದ್ಯಾರ್ಥಿಯು (ಇಲ್ಲಿಯೂ ವಿದ್ಯಾರ್ಥಿಯೇ!) ನಾಯಿಯೊಂದರ ಎದೆಯ ಮೇಲೆ ವಿದ್ಯುತ್ ಫಲಕಗಳನ್ನು ಒತ್ತಿ ಹಿಡಿದಾಗಲೇ ಅದರ ರಕ್ತದ ಒತ್ತಡ ಏರಿದುದನ್ನು ಗಮನಿಸಿದನು. ಕೌವನ್‌ಹೋವನ್, ಜೂಡ್, ನಿಕರ್‌ಬಾಕರ್ ಮೂವರೂ ೧೯೬೦ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ದೊಡ್ಡವರೊಬ್ಬರು ಕುಸಿದುಬಿದ್ದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದಿದ್ದರೆ, ಒಬ್ಬರನ್ನು ೧೦೮ಕ್ಕೆ ಫೋನು ಮಾಡಲು ಹಚ್ಚಿ, ರೋಗಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಬೇಕು. ಎದೆಯ ನಡುವೆ ಎಲುಬಿನ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯನ್ನಿಟ್ಟು, ಮೊಣಕೈ ಮಡಿಸದೆ, ಮೈಭಾರ ಬಿಟ್ಟು ಐದು ಸೆಂಟಿಮೀಟರಿಗೆ ಕಡಿಮೆಯಿಲ್ಲದಷ್ಟು ಒತ್ತಬೇಕು. ನಿಮಿಷಕ್ಕೆ ೧೦೦ರಿಂದ ೧೨೦ ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಏಕೆಂದರೆ ಪಂಪು ತುಂಬಿಕೊಳ್ಳುವುದು ಆಗಲೇ. ಪಕ್ಕೆಲುಬು ಲಟಕ್ಕೆನ್ನಬಹುದು, ಅದಕ್ಕೆ ಹೆದರಿ ಬಿಡಬಾರದು. ಹೀಗೆ ಒತ್ತುವುದರಿಂದ ಸಾಗುವ ರಕ್ತವು ಎಂದಿನ ಪ್ರಮಾಣದ ಮೂರನೆಯ ಒಂದು ಪಾಲನ್ನೂ ಮುಟ್ಟುವುದು ಕಷ್ಟ. ಆದರೆ ಆಂಬುಲೆನ್ಸು ಬರುವ ತನಕ ಮೆದುಳನ್ನು ಉಳಿಸಿಕೊಳ್ಳಲು ಅಷ್ಟೂ ಬೆಲೆಯುಳ್ಳದ್ದೇ. ಒತ್ತುವವರು ಎರಡು ನಿಮಿಷಕ್ಕೆ ಸೋತುಹೋಗುತ್ತಾರೆ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಕೈ ಬದಲಾಯಿಸಿಕೊಳ್ಳಬೇಕು.